ಜೇಬಿಗೆ ಹಿಡಿಸುವ ಬೈನಾಕ್ಯುಲರ್: ನಾನು ಆರಿಸಿಕೊಂಡ ಬಗೆ

ಸಣ್ಣ ಬೈನಾಕ್ಯುಲರ್‌ಗಳ ಡಬ್ಬದ ಮೇಲೆ ‘ಹಂಟಿಂಗ್’ ಅಂತ ಬರೆದಿರುವುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಕಾಡುಪ್ರಾಣಿಗಳ ಶಿಕಾರಿ ಅಪರಾಧ. ಆದರೆ ಶಿಕಾರಿಯವನಿಗೆ ಬೇಕಾದ್ದೇ ಹಕ್ಕಿ ನೋಡುವವನಿಗೂ ಬೇಕು: ಎಲೆಮರೆಯಲ್ಲಿ ಕೂತದ್ದು ಥಟ್ಟನೆ ಕಾಣಬೇಕು.

ನನ್ನ ಹತ್ತಿರ 8×42 ಇತ್ತು, ಈಗಲೂ ಇದೆ. (8 ಅಂದರೆ ಎಷ್ಟು ಪಟ್ಟು ಹತ್ತಿರ ಕಾಣುತ್ತದೆ ಅಂತ, 42 ಅಂದರೆ ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ.) ನೋಟವೇನೋ ಸೊಗಸು. ತೂಕ ಮಾತ್ರ ಮುಕ್ಕಾಲು ಕಿಲೋ ಹತ್ತಿರ. ಹಾಗಾಗಿ ತೋಟಕ್ಕೆ ಸುಮ್ನೆ ಒಂದು ಸುತ್ತು ಹೋಗುವಾಗ ಅದು ಮನೆಯಲ್ಲೇ ಉಳಿಯುತ್ತಿತ್ತು. ಮಂಗಟ್ಟೆ ಕಾಣಿಸುವುದು ಅಂಥ ದಿನವೇ, ಅಲ್ವಾ?

ಅಂಗಡಿಯಲ್ಲಿ ಮೊದಲು ತೋರಿಸಿದ್ದು 10×25. ‘ಇನ್ನೂ ಹತ್ತಿರ ಕಾಣುತ್ತೆ ಸಾರ್.’ ಕಾಣುತ್ತದೆ, ಕೈ ನಡುಗುವುದೂ ಅಷ್ಟೇ ದೊಡ್ಡದಾಗಿ ಕಾಣುತ್ತದೆ. 25ನ್ನು 10ರಿಂದ ಭಾಗಿಸಿದರೆ 2.5. ಅಂದರೆ ಕಣ್ಣಿಗೆ ಬಂದು ಬೀಳುವ ಬೆಳಕಿನ ವೃತ್ತ ಎರಡೂವರೆ ಮಿಲಿಮೀಟರ್. 8×25ರಲ್ಲಿ ಅದು 3.1, 8×42ರಲ್ಲಿ 5ಕ್ಕೂ ಜಾಸ್ತಿ. ಮಧ್ಯಾಹ್ನ ನಮ್ಮ ಕಣ್ಣಿನ ಪಾಪೆಯೇ ಕಿರಿದಾಗಿರುವುದರಿಂದ ಈ ವ್ಯತ್ಯಾಸ ಗೊತ್ತಾಗುವುದಿಲ್ಲ. ಮುಸ್ಸಂಜೆ, ಕಾಫಿ ತೋಟದ ನೆರಳಲ್ಲಿ, ಚೆನ್ನಾಗಿಯೇ ಗೊತ್ತಾಗುತ್ತದೆ. ನಾನು 8×25ಕ್ಕೆ ನಿಂತೆ.

ಮುಂದಿನದು ಕನ್ನಡಕದ ಪ್ರಶ್ನೆ. ಕನ್ನಡಕದವರಿಗೆ ‘ಐ ರಿಲೀಫ್’, ಅಂದರೆ ಪೂರ್ತಿ ನೋಟ ಕಾಣಲು ಗಾಜಿನಿಂದ ಕಣ್ಣು ಇರಬಹುದಾದ ದೂರ, 15 ಮಿಲಿಮೀಟರಾದರೂ ಬೇಕು. ಕಡಿಮೆಯಾದರೆ ಬೀಗದ ತೂತಿನಲ್ಲಿ ಇಣುಕಿದ ಹಾಗೆ. ಐಕಪ್, ಅಂದರೆ ಕಣ್ಣಿನ ಕಡೆಯ ಗಾಜಿನ ಸುತ್ತಲಿನ ಬಟ್ಟಲು, ಪೂರ್ತಿ ಒಳಗೆ ತಿರುಗಿಸಿ, ಕನ್ನಡಕ ಹಾಕಿಕೊಂಡೇ ನೋಡಿ.

ಅಂಗಡಿಯ ಹೊರಗೆ ಬಂದು ಬಿಸಿಲಿನ ಬೀದಿ ನೋಡಬೇಡಿ, ಅಲ್ಲಿ ಎಲ್ಲವೂ ಚೆಂದವೇ. ನಿಂತ ಲಾರಿಯ ಅಡಿಯ ಕತ್ತಲು ನೋಡಿ, ಚಕ್ರದ ನಟ್ಟು ಬಿಡಿಬಿಡಿಯಾಗಿ ಕಾಣಬೇಕು. ಆಮೇಲೆ ಬೈನಾಕ್ಯುಲರನ್ನು ತೋಳಳತೆ ದೂರ ಹಿಡಿದು ಆಕಾಶದ ಕಡೆ ತಿರುಗಿಸಿ. ಕಣ್ಣಿನ ಕಡೆಯ ಗಾಜಿನಲ್ಲಿ ಕಾಣುವ ಬೆಳಕು ದುಂಡಗಿರಬೇಕು. ಅಂಚು ಕತ್ತರಿಸಿದಂತಿದ್ದರೆ ಒಳಗೆ ಬೆಳಕು ತಿರುಗಿಸುವ ಗಾಜು, ಪ್ರಿಸಂ, ಅಗ್ಗದ್ದು.

ಕೊನೆಗೆ ಡಯಾಪ್ಟರ್, ಎರಡು ಕಣ್ಣುಗಳ ನೋಟದ ವ್ಯತ್ಯಾಸ ಸರಿದೂಗಿಸುವ ಬಳೆ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಕರೆಂಟ್ ತಂತಿ ಸ್ಪಷ್ಟ ಮಾಡಿಕೊಳ್ಳಿ. ಈಗ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ ಬಲಗಡೆಯ ಬಳೆ ಮಾತ್ರ ತಿರುಗಿಸಿ. ಆ ಬಳೆ ಸಡಿಲವಾಗಿದ್ದರೆ ಕೊಳ್ಳಲೇಬೇಡಿ, ಚೀಲದಲ್ಲಿ ಉಜ್ಜಿ ಪ್ರತಿಸಲ ಕೆಡುತ್ತದೆ.

ಜೂಮ್ ಮಾಡೆಲ್, ಕೆಂಪಗೆ ಹೊಳೆಯುವ ಲೆನ್ಸು ಇವನ್ನು ಮುಟ್ಟಲಿಲ್ಲ.

ಮಲೆನಾಡಿನವರು ನೈಟ್ರೋಜನ್ ತುಂಬಿದ ವಾಟರ್‌ಪ್ರೂಫ್‌ನದನ್ನೇ ತಗೊಳ್ಳಿ. ಮಳೆಗಾಲದ ತೇವಕ್ಕೆ ಲೆನ್ಸಿನ ಒಳಗೆ ಫಂಗಸ್ ಹಿಡಿದರೆ ಮನೆಯಲ್ಲಿ ಒರೆಸಿ ತೆಗೆಯಲಾಗದು. ನಾನು ಸ್ಟೀಲ್ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಚಿಟ್ಟೆ ನೋಡುವ ಗೆಳೆಯರಿಗೆ ಪೆಂಟ್ಯಾಕ್ಸ್ ಪ್ಯಾಪಿಲಿಯೋ 6.5×21 ಇಷ್ಟ, ಅರ್ಧ ಮೀಟರಿನಿಂದಲೇ ಫೋಕಸ್ ಆಗುತ್ತದೆ. ಆದರೆ ಅದು ಮಳೆಗೆ ಹೇಳಿಸಿದ್ದಲ್ಲ.

ಜೇಬು ಬೇಡ, ಕುತ್ತಿಗೆಯಲ್ಲಿ ನೇತುಹಾಕಿಕೊಂಡೇ ಓಡಾಡುತ್ತೇನೆ ಅನ್ನುವವರು 8×32 ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಬೆಳಕಿನ ವೃತ್ತ ಸರಿಯಾಗಿ 4 ಮಿಲಿಮೀಟರ್.