ಹುಳು ಸಾಕುವ ಮನೆಯಲ್ಲಿ ಬೆಕ್ಕು ಸಾಕುವುದು ಹೇಗೆ

ನಮ್ಮದು ಶಿಡ್ಲಘಟ್ಟದ ಪಕ್ಕದ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆ ಹುಳು ಮನೆ, ಎರಡು ಸೀಮೆಹಸು, ಒಬ್ಬರು ಅತ್ತೆ, ಮತ್ತೆ ಗೂಡಮ್ಮ. ಗೂಡಮ್ಮ ಅಂದರೆ ಬೆಕ್ಕು. ಮೈಯೆಲ್ಲ ಬಿಳಿ, ಮುದುಡಿ ಮಲಗಿದರೆ ಥೇಟ್ ರೇಷ್ಮೆ ಗೂಡು. ಹೆಸರಿಟ್ಟವಳು ನನ್ನ ಮಗಳು. ಅತ್ತೆಗೆ ಮಾತ್ರ ಅವಳು ಇವತ್ತಿಗೂ 'ಪಿಲ್ಲಿ'. ನಮ್ಮ ಕಡೆ ಅರ್ಧ ಮಾತು ತೆಲುಗು, ಬೆಕ್ಕಿಗೂ ಎರಡೂ ಅರ್ಥವಾಗುತ್ತೆ. ಅಂದರೆ ಎರಡನ್ನೂ ಕೇಳೋದಿಲ್ಲ.

ಬೆಕ್ಕು ತರಬೇಕಾ ಬೇಡವಾ ಅಂತ ಕೇಳುವವರಿಗೆ ನಾನು ಮೊದಲು ಹೇಳುವುದು ಇಷ್ಟು: ಬೆಕ್ಕಿಗೆ ಬುದ್ಧಿ ಹೇಳೋಕೆ ಹೋಗಬೇಡಿ, ಮನೆಗೆ ಹೇಳಿ. ಬಾಗಿಲು, ಕಿಟಕಿ, ಡಬ್ಬದ ಮುಚ್ಚಳ, ಔಷಧಿ ಇಡುವ ಜಾಗ, ಇವನ್ನು ಬದಲಾಯಿಸೋಕೆ ನೀವು ತಯಾರಿದ್ದರೆ ತನ್ನಿ.

ನಾವು ಅವಳನ್ನು ತಂದಿದ್ದೇ ಇಲಿ ಕಾಟಕ್ಕೆ. ಹುಳು ಹಣ್ಣಾಗಿ ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಹಾಕಿದ ಮೇಲೆ ಇಲಿಗೆ ಹಬ್ಬ. ಗೂಡಿನ ಒಂದು ತುದಿ ಕಡಿದು ಒಳಗಿರುವ ಹುಳುವಿನ ಕೋಶ ತಿಂದುಬಿಡುತ್ತೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚೋಕಾಗಲ್ಲ, ಹರಾಜಿನಲ್ಲಿ ಅದಕ್ಕೆ ಬೆಲೆಯೂ ಇಲ್ಲ. ಪಾಷಾಣ ಇಟ್ಟು ನೋಡಿದ್ದೆವು. ಇಲಿ ಸಾಯುತ್ತಿತ್ತು, ಆದರೆ ಎಲ್ಲಿ ಸತ್ತಿದೆ ಅಂತ ಮೂಗಿನಿಂದ ಹುಡುಕಬೇಕಿತ್ತು. ಒಂದು ಮಾತು ನೆನಪಿಡಿ: ಬೆಕ್ಕು ತಂದ ದಿನವೇ ಪಾಷಾಣ ಮನೆಯಿಂದ ಹೊರಗೆ ಹೋಗಬೇಕು. ಪಾಷಾಣ ತಿಂದ ಇಲಿಯನ್ನು ಬೆಕ್ಕು ತಿಂದರೆ ಅದಕ್ಕೂ ವಿಷ ಏರುತ್ತೆ.

ಬೆಕ್ಕು ಬಂದರೆ ಇಲಿ ಪೂರ್ತಿ ಹೋಗುತ್ತಾ? ಇಲ್ಲ. ಸುಂಡಿಲಿ, ಸಣ್ಣ ಇಲಿಗಳನ್ನು ಗೂಡಮ್ಮ ಬಿಡೋದಿಲ್ಲ. ಹೆಗ್ಗಣ ಬಂದರೆ ಮರ್ಯಾದೆಯಾಗಿ ಪಕ್ಕಕ್ಕೆ ಸರಿಯುತ್ತಾಳೆ. ಹೆಗ್ಗಣಕ್ಕೆ ಬೋನು ಇಡಿ, ಬಿಲದ ಬಾಯಿಗೆ ಗಾಜಿನ ಚೂರು ಹಾಕಿ ಸಿಮೆಂಟ್ ಮೆತ್ತಿ. ಇನ್ನೊಂದು, ಹೊಟ್ಟೆಗೆ ಹಾಕಿದರೆ ಇಲಿ ಹಿಡಿಯಲ್ಲ ಅಂತ ಉಪವಾಸ ಕೆಡವುವವರಿದ್ದಾರೆ. ಅದು ತಪ್ಪು. ಹೊಟ್ಟೆ ತುಂಬಿದ ಬೆಕ್ಕೂ ಬೇಟೆ ಆಡುತ್ತೆ, ಅದು ಅದರ ಹುಟ್ಟುಗುಣ. ಹಸಿದ ಬೆಕ್ಕು ಮೊದಲು ಹೋಗೋದು ಪಕ್ಕದ ಮನೆಯ ಹಾಲಿನ ಪಾತ್ರೆಗೆ.

ಈಗ ನಷ್ಟದ ಕಥೆ. ಹುಳು ಮನೆಯ ಕಿಟಕಿಗೆಲ್ಲ ನೈಲಾನ್ ಪರದೆ ಹಾಕಿರುತ್ತೇವೆ, ಊಜಿ ನೊಣ ಬರಬಾರದು ಅಂತ. ಆ ನೊಣ ಹುಳುವಿನ ಮೈಮೇಲೆ ಮೊಟ್ಟೆ ಇಡುತ್ತೆ, ಮರಿ ಒಳಗೆ ಕೊರೆದು ಹುಳುವನ್ನೇ ತಿನ್ನುತ್ತೆ. ಎರಡನೇ ವರ್ಷದ ಬೇಸಿಗೆ ಬೆಳೆ. ನಾಲ್ಕನೇ ಜ್ವರ (ಹುಳು ಪೊರೆ ಬಿಡೋದಕ್ಕೆ ನಾವು ಜ್ವರ ಅನ್ನುತ್ತೇವೆ) ಎದ್ದು ಮೂರು ದಿನ ಆಗಿತ್ತು, ಸೊಪ್ಪು ಹಾಕುವಾಗ ಒಂದು ಹುಳುವಿನ ಪಕ್ಕೆಯಲ್ಲಿ ಎಳ್ಳಿನಷ್ಟು ಕಪ್ಪು ಚುಕ್ಕೆ ಕಂಡಿತು. ಪಕ್ಕದಲ್ಲಿ ಇನ್ನೊಂದು. ಆಮೇಲೆ ನೋಡಿದ ಕಡೆಯೆಲ್ಲ ಚುಕ್ಕೆ. ಪರದೆ ಪರದೆಯಾಗಿ ಕೈಯಾಡಿಸಿಕೊಂಡು ಬಂದೆ. ಪೂರ್ವದ ಕಿಟಕಿಯ ಕೆಳ ಮೂಲೆಯಲ್ಲಿ ಮೂರು ಬೆರಳು ತೂರುವಷ್ಟು ಹರಿದಿತ್ತು. ಹರಿದ ಎಳೆಯಲ್ಲಿ ನಾಲ್ಕೈದು ಬಿಳಿ ಕೂದಲು. ಅವಳು ಹಲ್ಲಿ ಹಿಡಿಯೋಕೆ ಪರದೆ ಹತ್ತಿದ್ದಳು. ಆ ಸಲ ಗೂಡು ಅರ್ಧಕ್ಕರ್ಧ ಹೋಯಿತು. ನಮ್ಮ ಯಜಮಾನರು ಎರಡು ದಿನ ಅವಳ ಹತ್ತಿರ ಮಾತಾಡಲಿಲ್ಲ. ಅವಳಿಗೆ ಅದು ಗೊತ್ತಾಗಲೂ ಇಲ್ಲ.

ಆಮೇಲೆ ಮಾಡಿದ್ದು ಇದು. ನೈಲಾನ್ ಪರದೆಯ ಹೊರಗೆ ನೆಲದಿಂದ ನಾಲ್ಕು ಅಡಿ ಎತ್ತರಕ್ಕೆ ಕಬ್ಬಿಣದ ಜಾಲರಿ ಹೊಡೆಸಿದೆವು. ಹುಳು ಮನೆಗೆ ಎರಡು ಬಾಗಿಲು ಮಾಡಿ, ಒಂದು ಮುಚ್ಚಿದ ಮೇಲೇ ಇನ್ನೊಂದು ತೆಗೆಯುವ ರೂಢಿ ಮಾಡಿಕೊಂಡೆವು. ಉಗುರು ಮಸೆಯೋಕೆ ಅವಳಿಗೆ ಒಂದು ಜಾಗ ಕೊಟ್ಟೆವು: ಜಗುಲಿಯ ಕಂಬಕ್ಕೆ ಹಳೇ ಗೋಣಿ ಚೀಲ ಸುತ್ತಿ ಹಗ್ಗ ಬಿಗಿದಿದ್ದೇವೆ. ಅವಳು ಹಿಂಗಾಲ ಮೇಲೆ ನಿಂತು ಮೈ ಪೂರ್ತಿ ಚಾಚುವಷ್ಟು ಎತ್ತರ ಇರಬೇಕು, ಕಂಬ ಅಲ್ಲಾಡಬಾರದು. ಬೆಕ್ಕು ಉಗುರು ಮಸೆಯೋದು ಬರೀ ಚೂಪು ಮಾಡೋಕಲ್ಲ, ಇದು ನನ್ನ ಜಾಗ ಅಂತ ಗುರುತು ಹಾಕೋಕೂ ಹೌದು. ಹಾಗಾಗಿ ಬೈದರೆ ನಿಲ್ಲೋದಿಲ್ಲ. ಜಾಗ ಕೊಟ್ಟರೆ ಸೋಫಾ ಉಳಿಯುತ್ತೆ. ನಮ್ಮದು ಮುಕ್ಕಾಲು ಉಳಿದಿದೆ.

ಚಿಗಟದ ಮದ್ದಿನ ವಿಷಯ ನಮ್ಮಂಥವರು ಜಾಸ್ತಿ ಗಮನಿಸಬೇಕು. ಬೆಕ್ಕಿನ ಕತ್ತಿನ ಮೇಲೆ ಬಿಡುವ ಹನಿ ಮದ್ದು ಸಿಗುತ್ತೆ, ಒಳ್ಳೆಯದೇ. ಆದರೆ ಅದು ಇರೋದೇ ಕೀಟ ಕೊಲ್ಲೋಕೆ, ರೇಷ್ಮೆ ಹುಳುವೂ ಕೀಟವೇ ಅಲ್ವಾ? ಮದ್ದು ಹಾಕಿದ ಬೆಕ್ಕನ್ನು ಸವರಿ ಅದೇ ಕೈಯಲ್ಲಿ ಸೊಪ್ಪು ಹಾಕಬೇಡಿ. ನಾನು ಗೂಡು ಬಿಡಿಸಿದ ಮಾರನೇ ದಿನ ಹನಿ ಹಾಕುತ್ತೇನೆ. ಮುಂದಿನ ಚಾಕಿ ಹುಳು, ಅಂದರೆ ಮರಿ ಹುಳು, ಮನೆಗೆ ಬರುವಷ್ಟರಲ್ಲಿ ದಿನಗಳು ಕಳೆದಿರುತ್ತವೆ. ಆಮೇಲೂ ಸೊಪ್ಪಿನ ಕೋಣೆಗೆ ಅವಳಿಗೆ ಪ್ರವೇಶ ಇಲ್ಲ. ನಾಯಿಗೆ ತಂದ ಉಣ್ಣೆ ಮದ್ದನ್ನಂತೂ ಬೆಕ್ಕಿಗೆ ಹಾಕಲೇಬೇಡಿ. ಕೆಲವದರಲ್ಲಿ ಪರ್ಮೆಥ್ರಿನ್ ಇರುತ್ತೆ, ಬೆಕ್ಕು ನಡುಗಿ ನಡುಗಿ ಸಾಯುತ್ತೆ.

ಹುಳು ಮನೆ ಅಂದ ಮೇಲೆ ಬ್ಲೀಚಿಂಗ್ ಪೌಡರ್, ಫಾರ್ಮಾಲಿನ್, ಸುಣ್ಣ ಇದ್ದೇ ಇರುತ್ತೆ. ಬೆಕ್ಕು ದಿನಕ್ಕೆ ಹತ್ತು ಸಲ ಕಾಲು ನೆಕ್ಕುತ್ತೆ, ಅಂದರೆ ನೆಲದ ಮೇಲಿರೋದೆಲ್ಲ ಅದರ ಹೊಟ್ಟೆಗೆ. ಫಾರ್ಮಾಲಿನ್ ಹೊಡೆದ ಮೇಲೆ ವಾಸನೆ ಪೂರ್ತಿ ಹೋಗುವ ತನಕ ಆ ಕಡೆ ಬಿಡಬೇಡಿ. ಬೆಕ್ಕು ಉಚ್ಚೆ ಹೊಯ್ದ ಜಾಗಕ್ಕೆ ಬ್ಲೀಚಿಂಗ್ ಪೌಡರ್ ಸುರಿಯಬೇಡಿ. ಉಚ್ಚೆಯ ಅಮೋನಿಯ, ಬ್ಲೀಚಿಂಗ್ ಎರಡೂ ಸೇರಿದರೆ ಕಣ್ಣು, ಗಂಟಲು ಉರಿಯುವ ವಿಷಗಾಳಿ ಏಳುತ್ತೆ. ನಾನು ಒಂದು ಸಲ ಸುರಿದು ಕೆಮ್ಮಿಕೊಂಡು ಓಡಿ ಬಂದಿದ್ದೇನೆ. ಸೋಪು ನೀರು ಹಾಕಿ ಒರೆಸಿ, ಆಮೇಲೆ ವಿನೆಗರ್ ನೀರು, ಸಾಕು.

ಫಿನಾಯಿಲ್ ಕೂಡ ಬೇಡ. ಕಾರಣ ನಮ್ಮ ಹಸು ನೋಡೋಕೆ ಬರುವ ಡಾಕ್ಟರ್ ಹೇಳಿದ್ದು. ಫಿನಾಯಿಲಿನಲ್ಲಿರುವಂಥ ವಿಷವನ್ನು ಕರಗಿಸಿ ಹೊರಗೆ ಹಾಕುವ ಶಕ್ತಿ ಬೆಕ್ಕಿನ ಪಿತ್ತಜನಕಾಂಗಕ್ಕೆ ತುಂಬ ಕಡಿಮೆ. ನಮ್ಮ ಜ್ವರದ ಮಾತ್ರೆ, ಅದೇ ಪ್ಯಾರಾಸಿಟಮಾಲ್, ಬೆಕ್ಕಿಗೆ ವಿಷವಾಗೋದೂ ಇದೇ ಕಾರಣಕ್ಕೆ. ಒಂದೇ ಒಂದು ಮಾತ್ರೆ ಸಾಕು, ಪ್ರಾಣ ಹೋಗುತ್ತೆ. ಗೂಡಮ್ಮನಿಗೆ ಒಂದು ಸಲ ಮೈ ಬಿಸಿಯಾದಾಗ ಅರ್ಧ ಮಾತ್ರೆ ಪುಡಿ ಮಾಡಿ ಹಾಲಿಗೆ ಹಾಕೋಕೆ ಹೊರಟವಳು ನಾನೇ. ಯಾಕೋ ಅನುಮಾನ ಬಂದು ಡಾಕ್ಟರಿಗೆ ಫೋನ್ ಮಾಡಿದೆ. ಅವರು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಊಟಕ್ಕೆ ಬರೋಣ. ಹಾಲು ಅನ್ನ, ಮೊಸರನ್ನ ಹಾಕಿ ಬೆಕ್ಕು ಸಾಕಿದ್ದೇವೆ ಅನ್ನುವವರು ನಮ್ಮಲ್ಲಿ ಮನೆಗೊಬ್ಬರು. ಬೆಕ್ಕು ಮಾಂಸ ತಿಂದು ಬದುಕುವ ಪ್ರಾಣಿ. ಕಣ್ಣು, ಹೃದಯಕ್ಕೆ ಬೇಕಾದ ಟಾರಿನ್ ಅನ್ನೋ ಅಂಶ ಅದಕ್ಕೆ ಮಾಂಸ, ಮೀನಿನಿಂದಲೇ ಸಿಗಬೇಕು. ಅನ್ನದಲ್ಲಿ ಅದು ಇಲ್ಲ. ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲೂ ಅರಗೋದಿಲ್ಲ, ಭೇದಿ ಆಗುತ್ತೆ. ನಾವು ಉಪ್ಪು ಖಾರ ಹಾಕದೆ ಬೇಯಿಸಿದ ಕೋಳಿ, ಅದರ ಈಲಿ (ಲಿವರ್) ಒಂದು ಚೂರು, ಬೇಯಿಸಿದ ಮೊಟ್ಟೆ ಕೊಡುತ್ತೇವೆ, ಜೊತೆಗೆ ಅಂಗಡಿಯ ಒಣ ಆಹಾರ. ಸಾರಿನ ತುಂಡು ಬೇಡ, ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತೆ. ಅತ್ತೆ ಕದ್ದು ಕೋಳಿ ಸಾರಿನ ಮುದ್ದೆ ಹಾಕುತ್ತಿದ್ದರು, ಅವಳೂ ತಿನ್ನುತ್ತಿದ್ದಳು. ಅದನ್ನು ಬಿಡಿಸೋಕೆ ಬೆಕ್ಕಿಗಿಂತ ಅತ್ತೆ ಜೊತೆ ಜಾಸ್ತಿ ಹೆಣಗಿದೆ.

ಕಕ್ಕಸಿಗೆ ಒಂದು ಹಳೇ ಬಾಂಡ್ಲಿ ಸಾಕು, ಗಾರೆ ಕೆಲಸದವರು ಹೊರುತ್ತಾರಲ್ಲ, ಅದು. ಜರಡಿ ಹಿಡಿದ ಮರಳು ನಾಲ್ಕು ಬೆರಳು ದಪ್ಪ ತುಂಬಿ, ಜನ ಓಡಾಡದ ಮೂಲೆಯಲ್ಲಿಡಿ. ದಿನಾ ತೆಗೆಯಬೇಕು. ಗಬ್ಬು ನಾರಿದರೆ ಅದು ಬಾಂಡ್ಲಿ ಬಿಟ್ಟು ನಿಮ್ಮ ಹಾಸಿಗೆ ಹುಡುಕುತ್ತೆ. ದಿನಾ ತೆಗೆಯೋಕೆ ಇನ್ನೊಂದು ಕಾರಣ ಇದೆ. ನನ್ನ ತಂಗಿ ಬಸುರಿಯಾಗಿ ಮನೆಗೆ ಬಂದಾಗ ಊರವರೆಲ್ಲ ಬೆಕ್ಕನ್ನು ಓಡಿಸಿ ಅಂದರು. ಟಾಕ್ಸೊಪ್ಲಾಸ್ಮಾ ಅನ್ನೋ ರೋಗಾಣು ಬೆಕ್ಕಿನ ಹೇಲಿನಲ್ಲಿ ಇರಬಹುದು, ಹೊಟ್ಟೆಯಲ್ಲಿರುವ ಮಗುವಿಗೆ ಕೆಟ್ಟದ್ದು, ಅದು ನಿಜ. ಆದರೆ ಹೊರಗೆ ಬಿದ್ದ ಮೇಲೆ ಅದು ಅಂಟುವ ಹಂತಕ್ಕೆ ಬರೋಕೆ ಒಂದರಿಂದ ಐದು ದಿನ ಬೇಕು. ನಾನು ದಿನಾ ಎತ್ತಿ ಹಾಕಿದೆ, ತಂಗಿ ಬಾಂಡ್ಲಿ ಮುಟ್ಟಲಿಲ್ಲ, ತೋಟದ ಮಣ್ಣು ಮುಟ್ಟಿದರೆ ಕೈ ತೊಳೆದಳು, ಅರೆಬೆಂದ ಮಾಂಸ ತಿನ್ನಲಿಲ್ಲ. ಬೆಕ್ಕೂ ಇತ್ತು, ಮಗುವೂ ಚೆನ್ನಾಗಿ ಹುಟ್ಟಿತು.

ಗಂಡು ಬೆಕ್ಕು ಸಾಕಿದವರು ಒಂದು ವಿಷಯ ತಿಳಿದಿರಿ. ಅದು ಮತ್ತೆ ಮತ್ತೆ ಬಾಂಡ್ಲಿಯಲ್ಲಿ ಕೂತು ಮುಕ್ಕಿ, ಹನಿ ಉಚ್ಚೆಯೂ ಬರದಿದ್ದರೆ ಮಲಬದ್ಧತೆ ಅಂತ ಹರಳೆಣ್ಣೆ ಕುಡಿಸಬೇಡಿ. ಉಚ್ಚೆ ನಾಳ ಕಟ್ಟಿರಬಹುದು. ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು, ನಾಳೆ ಅನ್ನೋ ಹಾಗಿಲ್ಲ.

ಮರಿ ಆಗದ ಹಾಗೆ ಮಾಡಿಸುವ ಆಪರೇಷನ್ ತಡ ಮಾಡಬೇಡಿ. ನಾವು ತಡ ಮಾಡಿದೆವು, ಅನುಭವಿಸಿದೆವು. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ರಾತ್ರಿಯಿಡೀ ಕೂಗು, ಹಂಚಿನ ಮೇಲೆ ಊರಿನ ಗಂಡು ಬೆಕ್ಕುಗಳ ಜಗಳ. ಅಲ್ಲಿಂದ ಒಂಬತ್ತು ವಾರಕ್ಕೆ ಅಟ್ಟದ ಮೇಲೆ ನಾಲ್ಕು ಮರಿ. ಮರಿ ಹಂಚೋಕೆ ಮನೆ ಮನೆ ಸುತ್ತಿ ಸಾಕಾಯಿತು. ಆಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಮಾಡಿಸಿದೆವು. ಸಾಗಿಸೋಕೆ ದುಡ್ಡು ಕೊಟ್ಟು ಪೆಟ್ಟಿಗೆ ತರಬೇಕಿಲ್ಲ. ಎರಡು ಟೊಮೇಟೊ ಕ್ರೇಟ್ ತಗೊಳ್ಳಿ, ಚಿಂತಾಮಣಿ ಕಡೆ ಯಾರನ್ನು ಕೇಳಿದರೂ ಸಿಗುತ್ತೆ. ಒಂದರೊಳಗೆ ಅದು ದಿನಾ ಮಲಗುವ ಬಟ್ಟೆ ಹಾಸಿ, ಇನ್ನೊಂದನ್ನು ಮೇಲೆ ಬೋರಲು ಹಾಕಿ, ನಾಲ್ಕು ಮೂಲೆಗೂ ಬೈಂಡಿಂಗ್ ವೈರ್ ಬಿಗಿಯಿರಿ. ವೈರಿನ ತುದಿ ಹೊರಕ್ಕೆ ಮಡಚಿ. ಹೊರಡೋಕೆ ಒಂದು ವಾರ ಮೊದಲೇ ಕೆಳಗಿನ ಕ್ರೇಟನ್ನು ಮನೆಯಲ್ಲಿ ಸುಮ್ನೆ ಇಟ್ಟಿರಿ. ಅದರಲ್ಲಿ ತಾನಾಗಿ ಮಲಗೋಕೆ ಶುರು ಮಾಡಿದರೆ ಹೋಗುವ ದಿನ ಕೈ ಪರಚಿಸಿಕೊಳ್ಳುವುದು ತಪ್ಪುತ್ತೆ.

ಪರಚು, ಕಚ್ಚು ಅಂದರೆ ರೇಬಿಸ್. ಅದು ನಾಯಿಯಿಂದ ಮಾತ್ರ ಬರೋದಲ್ಲ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ವರ್ಷ ವರ್ಷ. ಬೆಕ್ಕಿನ ಬೇರೆ ರೋಗಗಳ ಲಸಿಕೆ ಎರಡು ತಿಂಗಳಿಗೇ ಶುರು. ಕಚ್ಚಿದರೆ ಅಥವಾ ರಕ್ತ ಬರೋ ಹಾಗೆ ಪರಚಿದರೆ ನಲ್ಲಿ ಬಿಟ್ಟು ಸೋಪು ಹಾಕಿ ಹದಿನೈದು ನಿಮಿಷ ತೊಳೆಯಿರಿ. ಅರಿಶಿನ, ಸುಣ್ಣ, ಕಾಫಿ ಪುಡಿ ಏನೂ ಮೆತ್ತಬೇಡಿ. ಅವತ್ತೇ ಸರ್ಕಾರಿ ಆಸ್ಪತ್ರೆಗೆ ಹೋಗಿ. ಚರ್ಮದಲ್ಲಿ ಕೊಡುವ ಸೂಜಿಯಾದರೆ ಮೊದಲ ದಿನ, ಆಮೇಲೆ 3, 7, 28ನೇ ದಿನ. ನಮ್ಮ ಬೆಕ್ಕೇ ಅಲ್ವಾ ಅಂತ ಬಿಡಬೇಡಿ. ಅದು ರಾತ್ರಿ ಯಾರ ಜೊತೆ ಜಗಳ ಆಡಿ ಬಂದಿದೆ ನಿಮಗೆ ಗೊತ್ತಾ?

ಮನೆಯಲ್ಲಿ ಉಬ್ಬಸದವರಿದ್ದರೆ ತರುವ ಮೊದಲು ಬೆಕ್ಕಿರುವ ಮನೆಗೆ ನಾಲ್ಕು ಸಲ ಕರೆದುಕೊಂಡು ಹೋಗಿ ನೋಡಿ. ತೊಂದರೆ ಕೊಡೋದು ಕೂದಲಲ್ಲ, ಜೊಲ್ಲು ಮತ್ತು ಚರ್ಮದಲ್ಲಿರುವ ಒಂದು ಪ್ರೋಟೀನು. ಕೂದಲು ಗುಡಿಸಿದ ಮಾತ್ರಕ್ಕೆ ಅದು ಹೋಗಲ್ಲ.

ಇಷ್ಟೆಲ್ಲ ರಗಳೆ ಯಾಕೆ ಅಂದರೆ ಕೊನೇ ವಾರದ ರಾತ್ರಿಗಳಿಗೆ. ನಾಲ್ಕನೇ ಜ್ವರ ಎದ್ದ ಹುಳು ಸೊಪ್ಪು ತಿನ್ನುವ ಸದ್ದು ಗೊತ್ತಲ್ಲ, ಹಂಚಿನ ಮೇಲೆ ಜಿಟಿ ಮಳೆ ಬಿದ್ದ ಹಾಗೆ. ಹತ್ತು ಗಂಟೆಗೆ ಸೊಪ್ಪು ಹಾಕಿ ಹೊರಗೆ ಬಂದು ಜಗುಲಿ ಮೇಲೆ ಕೂತರೆ ಸೊಂಟ ಹಿಡಿದಿರುತ್ತೆ. ಮನೆಯವರೆಲ್ಲ ಮಲಗಿರುತ್ತಾರೆ. ಗೂಡಮ್ಮ ಎಲ್ಲಿಂದಲೋ ಬಂದು ಪಾದದ ಮೇಲೆ ಕೂರುತ್ತಾಳೆ. ತೊಡೆ ಮೇಲೆ ಬರೋದಿಲ್ಲ, ಅದು ಅವಳ ಅಂತಸ್ತಿಗೆ ಕಡಿಮೆ. ಗುರುಗುಟ್ಟುವ ಸದ್ದು ಪಾದದಿಂದ ಮೊಣಕಾಲಿಗೆ ಏರುತ್ತೆ. ನಾಯಿಯ ಹಾಗೆ ನಿಮ್ಮ ಮುಖ ನೋಡಿ ಕೂರೋದಿಲ್ಲ, ಅವಳ ಕಣ್ಣು ಹುಳು ಮನೆಯ ಬಾಗಿಲ ಮೇಲೇ. ಒಳಗೇನಿದೆ ಅಂತ ಆರು ವರ್ಷದಿಂದ ಅವಳಿಗೆ ಕುತೂಹಲ.

ಗೂಡು ಮಾರುಕಟ್ಟೆಗೆ ಹೋಗುವ ಬೆಳಿಗ್ಗೆ ಇನ್ನೊಂದು ಕೆಲಸ ಇದೆ. ಬೆಕ್ಕು ಅಡ್ಡ ಬಂದರೆ ಅಪಶಕುನ ಅಂತ ಅತ್ತೆ. ಬೆಕ್ಕಿರುವ ಮನೆಯಲ್ಲಿ ಅದು ದಿನಕ್ಕೆ ಇಪ್ಪತ್ತು ಸಲ ಅಡ್ಡ ಬರುತ್ತೆ, ಶಕುನ ನೋಡಿದರೆ ಬಚ್ಚಲಿಗೂ ಹೋಗೋಕಾಗಲ್ಲ ಅಂತ ನಾನು. ಹಾಗಾಗಿ ಅತ್ತೆಯೇ ಒಂದು ದಾರಿ ಕಂಡುಕೊಂಡಿದ್ದಾರೆ. ಐದು ಗಂಟೆಗೆ ಎದ್ದು ಮೊಟ್ಟೆ ಬೇಯಿಸಿ, "ರಾ ಪಿಲ್ಲಿ" ಅಂತ ಅಡುಗೆ ಮನೆಗೆ ಕರೆದು, ಬಾಂಡ್ಲಿ ಸಮೇತ ಬಾಗಿಲು ಹಾಕಿಕೊಳ್ಳುತ್ತಾರೆ. ಗಾಡಿ ರಸ್ತೆ ತಿರುಗಿದ ಸದ್ದು ಕೇಳಿದ ಮೇಲೆ ಬಾಗಿಲು ತೆಗೆಯುತ್ತಾರೆ. ಗೂಡಿಗೆ ರೇಟು ಸಿಗದ ದಿನ ಮೊಟ್ಟೆ ಸರಿಯಾಗಿ ಬೆಂದಿರಲಿಲ್ಲ ಅನ್ನುತ್ತಾರೆ.