ಹೆಸರು ಒಂದೇ, ಬೈಟ್‌ಗಳು ಬೇರೆ

ಓಪನ್‌ಎಸ್‌ಎಸ್‌ಎಲ್ ಎಂಬ ಭದ್ರತಾ ತಂತ್ರಾಂಶ ಒಪ್ಪಿದ ಡಿಜಿಟಲ್ ಪ್ರಮಾಣಪತ್ರ ಸರಪಳಿಯನ್ನು (ಒಂದು ಪತ್ರ ಮುಂದಿನದಕ್ಕೆ ಸಹಿ ಮಾಡಿದ ಸಾಲು) ಗೋ ಭಾಷೆಯ ಪ್ರೋಗ್ರಾಂ ಒಪ್ಪಲೇ ಇಲ್ಲ. ಸಹಿ ಮಾಡಿದ ಪತ್ರದಲ್ಲೂ ಸಹಿ ಪಡೆದ ಪತ್ರದಲ್ಲೂ ಸಹಿದಾರನ ಹೆಸರು ಪರದೆಯ ಮೇಲೆ ಒಂದೇ. ಪತ್ರದ ಒಳರಚನೆ ತೋರಿಸುವ ಎಎಸ್‌ಎನ್1ಪಾರ್ಸ್ ಆದೇಶದಿಂದ ಒಳಗೆ ಇಣುಕಿದಾಗ ಗುಟ್ಟು ಬಯಲಾಯಿತು: ಮೂಲ ಪ್ರಮಾಣಪತ್ರದಲ್ಲಿ ಸಂಸ್ಥೆಯ ಹೆಸರು ಪ್ರಿಂಟಬಲ್‌ಸ್ಟ್ರಿಂಗ್, ಅದು ಸಹಿ ಮಾಡಿದ ಪತ್ರದಲ್ಲಿ ಯುಟಿಎಫ್8ಸ್ಟ್ರಿಂಗ್. ಇವು ಪಠ್ಯವನ್ನು ಬರೆದಿಡುವ ಎರಡು ಬಗೆಗಳು; ಬಗೆ ಯಾವುದೆಂದು ಹೇಳುವ ಗುರುತು, ಅಂದರೆ ಟ್ಯಾಗ್, ಎರಡಕ್ಕೂ ಬೇರೆ. ಓಪನ್‌ಎಸ್‌ಎಸ್‌ಎಲ್ ಎರಡನ್ನೂ ಯುಟಿಎಫ್8ಕ್ಕೆ ತಂದು, ದೊಡ್ಡಕ್ಷರ ಚಿಕ್ಕಕ್ಷರಗಳ ಹಾಗೂ ಹೆಚ್ಚುವರಿ ಖಾಲಿ ಜಾಗಗಳ ಭೇದ ಅಳಿಸಿ ಹೋಲಿಸುತ್ತದೆ. ಗೋ ಬೈಟಿಗೆ ಬೈಟು ನೋಡುತ್ತದೆ. ಗೋ ಮೇಲೆ ಸಿಟ್ಟಾಗಿ ಫಲವಿಲ್ಲ. ಸಿಎ, ಅಂದರೆ ಪ್ರಮಾಣಪತ್ರ ಕೊಡುವ ಸಂಸ್ಥೆಯ ಹೆಸರನ್ನು ಎರಡೂ ಕಡೆ ಒಂದೇ ರೀತಿ ಎನ್‌ಕೋಡ್ ಮಾಡಲೇಬೇಕೆಂದು 2008ರ ಇಂಟರ್ನೆಟ್ ಮಾನದಂಡ ಆರ್‌ಎಫ್‌ಸಿ 5280 ವಿಧಿಸಿದೆ.

ಪ್ರಮಾಣಪತ್ರ ತಯಾರಿಸುವ ನಮ್ಮ ಹಳೆಯ ಉಪಕರಣ ಹೆಸರನ್ನು ಪಠ್ಯದಿಂದ ಹೊಸದಾಗಿ ಕಟ್ಟುತ್ತಿತ್ತು. ಈಗ ಮೂಲ ಪ್ರಮಾಣಪತ್ರದ ಸಬ್ಜೆಕ್ಟ್ (ಪತ್ರ ಯಾರದೆಂದು ಹೇಳುವ ಹೆಸರು) ಬೈಟ್‌ಗಳನ್ನೇ ಯಥಾವತ್ತಾಗಿ ನಕಲಿಸುತ್ತದೆ. ಈಗಾಗಲೇ ಕೊಟ್ಟಿದ್ದ ಪತ್ರಗಳನ್ನೆಲ್ಲ ಮತ್ತೆ ಸಹಿ ಮಾಡಿ ಕೊಡಬೇಕಾಯಿತು. ಸಹಿಯಾದ ಮೇಲೆ ಒಂದು ಟ್ಯಾಗ್ ತಿದ್ದಿದರೂ ಸಹಿ ಅಸಿಂಧು.