ಕಾತ್ರಜ್ ಕೆರೆಯಿಂದ ಶನಿವಾರವಾಡಾ ತನಕ, ನೀರು ಹೋದ ದಾರೀಲೇ ನಡ್ಕೊಂಡು

ಪುಣೆಯಲ್ಲಿರೋ ನಮ್ಮ ಕನ್ನಡದವರು ಸಾರಸಬಾಗ್ ಪಾರ್ಕ್‌ಗೆ ಹೋಗಿರ್ತಾರೆ, ಪರ್ವತಿ ಗುಡ್ಡ ಹತ್ತಿರ್ತಾರೆ, ಊರಿಂದ ಅಪ್ಪ ಅಮ್ಮ ಬಂದಾಗ ಮರಾಠರ ಪ್ರಧಾನಿಗಳಾಗಿದ್ದ ಪೇಶ್ವೆಗಳ ಅರಮನೆ ಶನಿವಾರವಾಡಾ ತೋರಿಸಿರ್ತಾರೆ, ಆದ್ರೆ ಎಲ್ಲಾ ಬೇರೆ ಬೇರೆ ದಿನ, ಆಟೋ ಮಾಡ್ಕೊಂಡು ಹೋಗಿ ಆಟೋದಲ್ಲೇ ವಾಪಸ್. ಹಂಗೆ ನೋಡಿದ್ರೆ ಇವಕ್ಕೊಂದಕ್ಕೊಂದು ಏನು ಸಂಬಂಧ ಅಂತಾನೇ ಗೊತ್ತಾಗಲ್ಲ. ನಾನು ನಮ್ಮ ಗುಂಪಿನವರನ್ನ ಕರ್ಕೊಂಡು ಹೋಗೋವಾಗ ಊರಿನ ದಕ್ಷಿಣಕ್ಕಿರೋ ಕಾತ್ರಜ್ ಕೆರೆ ದಂಡೆಯಿಂದಾನೇ ಶುರು ಮಾಡ್ತೀನಿ, ಅಲ್ಲಿಂದ ಪೇಶ್ವೆ ಕಾಲದಲ್ಲಿ ನೀರು ಊರೊಳಗೆ ಹೆಂಗೆ ಇಳೀತೋ ಅದೇ ದಿಕ್ಕಲ್ಲಿ ನಡೀತೀವಿ. ಸುತ್ತು ಬಳಸು ಎಲ್ಲಾ ಸೇರಿ ಹತ್ತು ಹನ್ನೆರಡು ಕಿಲೋಮೀಟರ್ ಆಗುತ್ತೆ, ಬೆಳಿಗ್ಗೆ ಬೇಗ ಹೊರಟ್ರೆ ಮಧ್ಯಾಹ್ನ ದಾಟೋದ್ರೊಳಗೆ ಮುಗಿಯುತ್ತೆ.

ಸೀಸನ್ ಅಂದ್ರೆ ಡಿಸೆಂಬರ್‌ನಿಂದ ಫೆಬ್ರವರಿ. ಸ್ವಾರ್‌ಗೇಟ್‌ನಲ್ಲಿ ಎಲ್ಲರೂ ಸೇರಿ ಬಸ್ ಹತ್ತಿ ಕಾತ್ರಜ್‌ನಲ್ಲಿ ಇಳೀತೀವಿ, ಬೆಳಕು ಹರಿಯೋ ಹೊತ್ತಿಗೆ ಕೆರೆ ಹತ್ರ ಇರಬೇಕು, ಆಗ ಬೆಳ್ಳಕ್ಕಿ, ನೀರುಕಾಗೆ ಎಲ್ಲಾ ಸಿಗ್ತವೆ, ಸತಾರಾ ರೋಡಿನ ಗದ್ದಲಾನೂ ಇನ್ನೂ ಶುರುವಾಗಿರಲ್ಲ. ಈ ರೋಡೇ ಘಾಟ್ ಹತ್ತಿ ಸತಾರಾ, ಕೊಲ್ಹಾಪುರ ದಿಕ್ಕಿಗೆ ಹೋಗಿ ನಮ್ಮ ಬೆಳಗಾವಿ ಮುಟ್ಟೋದು, ಗುಂಪಲ್ಲಿ ಬೆಳಗಾವಿ ಹುಬ್ಬಳ್ಳಿ ಕಡೆಯವರು ಜಾಸ್ತಿ, ರಾತ್ರಿ ಬಸ್ಸಲ್ಲಿ ಬಂದು ಕಾತ್ರಜ್‌ನಲ್ಲಿ ಕಣ್ಣುಜ್ಜಿಕೊಳ್ತಾ ಇಳಿದವರು, ಆದ್ರೆ ಕೆರೆ ಕಡೆ ತಿರುಗಿ ನೋಡಿದವರು ಕಮ್ಮಿ.

ಈ ಕೆರೆ ಕಟ್ಟಿಸಿದ್ದು ಬಾಳಾಜಿ ಬಾಜೀರಾವ್, ಅಂದ್ರೆ ನಾನಾಸಾಹೇಬ್ ಪೇಶ್ವೆ, 1750ರ ಆಸುಪಾಸಿನಲ್ಲಿ. ಆಂಬಿಲ್ ಓಢಾ ಅಂತ ಕಾತ್ರಜ್ ಗುಡ್ಡದಿಂದ ಇಳಿಯೋ ಹಳ್ಳ ಇದೆ, ಅದಕ್ಕೆ ಕಟ್ಟೆ ಹಾಕಿ ನೀರು ನಿಲ್ಲಿಸಿದ್ರು, ಮೇಲೊಂದು ಕೆಳಗೊಂದು ಕೆರೆ, ಮೇಲಿನದ್ರಲ್ಲಿ ಹೂಳು ಕೂತು ತಿಳಿಯಾದ ನೀರು ಕೆಳಗಿನದಕ್ಕೆ ಬರೋ ಹಂಗೆ. ಅಲ್ಲಿಂದ ನೆಲದೊಳಗೆ ಕಲ್ಲು ಸುಣ್ಣದ ಕಾಲುವೆ. ಅದರಲ್ಲಿ ಆಳು ಇಳಿದು ಹೂಳು ತೆಗೀಬಹುದಿತ್ತು, ಅಷ್ಟು ದೊಡ್ಡದು. ಪಂಪ್ ಇಲ್ಲ ಏನಿಲ್ಲ, ಬರೀ ಇಳಿಜಾರು ನೋಡ್ಕೊಂಡು ಶನಿವಾರವಾಡಾ ತನಕ ನೀರು ಹರಿಸಿದ್ದಾರೆ, ನಡುವೆ ಊರಿನ ಜನರಿಗೆ ಅಂತ ಅಲ್ಲಲ್ಲಿ ಹೌದ್‌ಗಳು, ಅಂದ್ರೆ ನೀರಿನ ತೊಟ್ಟಿಗಳು. ಕಾಲುವೆ ಉದ್ದಕ್ಕೂ ಗಾಳಿ ಆಡೋಕೆ, ಒತ್ತಡ ಹೊರಗೆ ಹೋಗೋಕೆ ಕಲ್ಲಿನ ಕಂಬದ ಥರ ಉಚ್ಛ್ವಾಸ ಅಂತ ಕಟ್ಟಿದ್ರು. ನನಗೆ ಇಡೀ ದಾರೀಲಿ ಅರಮನೆಗಿಂತ, ದೇವಸ್ಥಾನಕ್ಕಿಂತ ಇದೇ ದೊಡ್ಡ ಕೆಲಸ ಅನ್ಸುತ್ತೆ. ಅದಕ್ಕೇ ಕೆರೆ ಹತ್ರ ಅರ್ಧ ಗಂಟೆ ಕೂರಿಸಿ ಇದೆಲ್ಲಾ ಹೇಳಿಯೇ ಹೊರಡೋದು, ಇಲ್ಲಿ ಅವಸರ ಮಾಡಿದ್ರೆ ಮುಂದಿನದು ಯಾವುದೂ ಮನಸ್ಸಿಗೆ ಕೂರಲ್ಲ.

ಇನ್ನೊಂದು ವಿಷಯಾನೂ ಅಲ್ಲೇ ಹೇಳ್ತೀನಿ. 2019ರ ಸೆಪ್ಟೆಂಬರ್ 25ರ ರಾತ್ರಿ ವಿಪರೀತ ಮಳೆ ಬಂದು ಇದೇ ಕೆರೆ ತುಂಬಿ ಇದೇ ಹಳ್ಳ ಉಕ್ಕಿ ಕೆಳಗಡೆ ಮನೆಗಳಿಗೆ ನುಗ್ಗಿತ್ತು, ಜನ ಸತ್ರು, ಗೋಡೆ ಕುಸಿದವು, ಬೈಕು ಕಾರು ಒಂದರ ಮೇಲೊಂದು ಬಿದ್ದಿದ್ದವು. ಹಳ್ಳದ ಅಕ್ಕಪಕ್ಕ ಬಾಡಿಗೆ ಮನೆಯಲ್ಲಿದ್ದ ನಮ್ಮವರು ಆ ರಾತ್ರಿ ಮರೆಯಲ್ಲ. ಪೇಶ್ವೆ ಕಾಲದ ಕೆರೆ ಅಂದ್ರೆ ಹಳೇ ಫೋಟೋ ಅಲ್ಲ, ಅದರ ಹಳ್ಳ ಈಗಲೂ ನಮ್ಮ ಓಣಿ ಪಕ್ಕದಲ್ಲೇ ಹರೀತಿದೆ.

ಕೆರೆಯಿಂದ ಸೀದಾ ಮೇನ್ ರೋಡಲ್ಲಿ ನಡೆದ್ರೆ ಬರೀ ಹೊಗೆ, ಹಾಗಾಗಿ ಧನಕವಡಿ ಒಳಗಿಂದ ತಳಜಾಯಿ ಗುಡ್ಡಕ್ಕೆ ಹತ್ತೋದು. ಇದು ನೀರಿನ ದಾರಿಯಿಂದ ಸ್ವಲ್ಪ ಆಚೆ, ಆದ್ರೂ ಮರದ ನೆರಳಿಗೋಸ್ಕರ ಒಪ್ಪಿಕೋಬೇಕು. ಗ್ಲಿರಿಸಿಡಿಯಾ, ನಮ್ಮೂರಲ್ಲಿ ಗೊಬ್ಬರದ ಗಿಡ ಅಂತಾರಲ್ಲ, ಅದನ್ನ ಅರಣ್ಯ ಇಲಾಖೆಯವರು ಇಲ್ಲಿ ಬೇಕಾದಷ್ಟು ಹಾಕಿದ್ದಾರೆ, ಫೆಬ್ರವರಿ ಹೊತ್ತಿಗೆ ಎಲೆ ಉದುರಿ ಬರೀ ತಿಳಿ ಗುಲಾಬಿ ಹೂ. ನವಿಲು ಕೂಗೋದು ಕೇಳುತ್ತೆ, ಕೆಲವು ಸಲ ಕಾಣುತ್ತೆ ಕೂಡ. ನಾಷ್ಟಾ ಇಲ್ಲೇ, ಚಪಾತಿ, ಶೇಂಗಾ ಚಟ್ನಿ, ಹಚ್ಚಿದ ಅವಲಕ್ಕಿ, ಮಂಗಳೂರ ಕಡೆಯವರು ಒಬ್ಬರು ಯಾವಾಗಲೂ ಕಡುಬು ತರ್ತಾರೆ, ಅದು ಮೊದಲು ಖಾಲಿ. ಪ್ಲಾಸ್ಟಿಕ್ ಮಾತ್ರ ಒಂದು ಚೂರೂ ಬಿಡೋ ಹಂಗಿಲ್ಲ, ಕಸದ ಚೀಲ ಒಬ್ಬರ ಜವಾಬ್ದಾರಿ.

ಗುಂಪು ನಡೆಸೋಕೆ ನಾನು ಇಟ್ಕೊಂಡಿರೋ ನಿಯಮ ಜಾಸ್ತಿ ಇಲ್ಲ. ಮುಂದೆ ದಾರಿ ಗೊತ್ತಿರೋರು ಒಬ್ಬರು, ಹಿಂದೆ ಒಬ್ಬರು, ಹಿಂದಿನವರನ್ನ ದಾಟಿ ಯಾರೂ ಹಿಂದೆ ಬೀಳೋ ಹಂಗಿಲ್ಲ. ಸ್ಪೀಡು ಮಂಡಿ ನೋವಿರೋರದ್ದು, ಜಿಮ್‌ಗೆ ಹೋಗೋರದ್ದಲ್ಲ. ವಾಟ್ಸಾಪಲ್ಲಿ ಲೊಕೇಶನ್ ಕಳಿಸಿದ್ರೂ ಪ್ರತಿ ತಿರುವಿನಲ್ಲಿ ನಿಂತು ತಲೆ ಎಣಿಸಲೇಬೇಕು.

ಸಹಕಾರನಗರ ಕಡೆ ಇಳಿದು ಪರ್ವತಿ. ಮೆಟ್ಟಿಲು 103 ಅಂತಾರೆ, ಅಗಲವಾಗಿ ಎತ್ತರ ಕಮ್ಮಿ ಇರೋದ್ರಿಂದ ವಯಸ್ಸಾದವರೂ ಮಾತಾಡ್ತಾ ಹತ್ತುತ್ತಾರೆ. ಮೇಲಿನ ದೇವದೇವೇಶ್ವರ ಗುಡಿ 1749ರಲ್ಲಿ ನಾನಾಸಾಹೇಬನೇ ಕಟ್ಟಿಸಿದ್ದು. ಪಾಣಿಪತ್‌ನಲ್ಲಿ ಮಗ ವಿಶ್ವಾಸರಾವ್, ತಮ್ಮನ ಥರ ಇದ್ದ ಚಿಕ್ಕಪ್ಪನ ಮಗ ಸದಾಶಿವರಾವ್ ಭಾವು, ಇಬ್ಬರೂ ಯುದ್ಧದಲ್ಲಿ ಹೋದ್ರು, ಅದೇ ಕೊರಗಲ್ಲಿ 1761ರ ಜೂನ್‌ನಲ್ಲಿ ನಾನಾಸಾಹೇಬ ಇಲ್ಲೇ ಪ್ರಾಣ ಬಿಟ್ಟ. 1817ರಲ್ಲಿ ಖಡಕಿ ಯುದ್ಧದಲ್ಲಿ ಪೇಶ್ವೆ ಸೈನ್ಯ ಇಂಗ್ಲಿಷರ ಎದುರು ಸೋಲೋದನ್ನ ಎರಡನೇ ಬಾಜೀರಾವ್ ನಿಂತು ನೋಡಿದ್ದೂ ಇದೇ ಗುಡ್ಡದಿಂದ. ಮ್ಯೂಸಿಯಂ ಚಿಕ್ಕದು, ಟೈಮಿದ್ರೆ ನೋಡಿ, ನಾನಂತೂ ಜನರನ್ನ ಉತ್ತರದ ಅಂಚಿಗೆ ಕರ್ಕೊಂಡು ಹೋಗಿ ಕೆಳಗೆ ನೋಡಿ ಅಂತೀನಿ. ಸಾರಸಬಾಗ್ ಕಾಣುತ್ತಲ್ಲ, ಆ ಹಸಿರೆಲ್ಲಾ ಒಂದು ಕಾಲಕ್ಕೆ ನೀರು.

ಅದೇ ಆಂಬಿಲ್ ಓಢಾ ನೀರನ್ನ ಗುಡ್ಡದ ಬುಡದಲ್ಲಿ ನಿಲ್ಲಿಸಿ ಪರ್ವತಿ ಕೆರೆ ಮಾಡಿದ್ರು, ನಡುವೆ ಒಂದು ದ್ವೀಪ ಬಿಟ್ರು, 1784ರಲ್ಲಿ ಆಗಿನ ಪೇಶ್ವೆ ಸವಾಯಿ ಮಾಧವರಾವ್ ಅಲ್ಲಿ ಗಣಪತಿ ಇಟ್ಟ. ಅದಕ್ಕೇ ಹಳೇ ಪುಣೆಯವರು ಈಗಲೂ ತಳ್ಯಾತಲಾ ಗಣಪತಿ ಅಂತಾನೇ ಕರೆಯೋದು, ಕೆರೆಯೊಳಗಿನ ಗಣಪತಿ. ಹೋಗಬೇಕಂದ್ರೆ ದೋಣೀಲೇ ಹೋಗಬೇಕಿತ್ತು. ಪೇಶ್ವೆಗಳ ಗುಟ್ಟಿನ ಮಾತುಕತೆ ದೋಣಿಯಲ್ಲೇ ನಡೀತಿತ್ತು, ಮರಾಠಿ ಬಾರದ, ಆಫ್ರಿಕಾ ಮೂಲದ ಸಿದ್ದಿಗಳನ್ನ ಹುಟ್ಟು ಹಾಕೋಕೆ ಇಟ್ಕೊಂಡಿದ್ರು ಅಂತ ಒಂದು ಮಾತೂ ಇದೆ. ದಂಡೆ ಮೇಲಿನ ತೋಟದ ಮನೆ ಹಿರಾಬಾಗ್, ಈಗ ಟಿಳಕ್ ರೋಡಲ್ಲಿ ಹಿರಾಬಾಗ್ ಚೌಕ ಅಂತ ಬಸ್ ನಿಲ್ಲುತ್ತಲ್ಲ ಅದೇ. ಸಾರಸಬಾಗ್ ಗೇಟಿಂದ ಅಲ್ಲಿ ತನಕ ನಡೆಸಿದ್ರೆ ಕೆರೆ ಎಷ್ಟು ದೊಡ್ಡದಿತ್ತು ಅಂತ ಕಾಲಿಗೇ ಗೊತ್ತಾಗುತ್ತೆ, ಬಾಯಲ್ಲಿ ಹೇಳೋದು ಬೇಕಿಲ್ಲ.

ಪಕ್ಕದ ಪೇಶ್ವೆ ಪಾರ್ಕಲ್ಲಿ 1953ರಿಂದ ಝೂ ಇತ್ತು, ಮಕ್ಕಳ ರೈಲು ಫುಲರಾಣಿ 1956ರಲ್ಲಿ ಶುರುವಾಗಿದ್ದು. 2005ರ ಹೊತ್ತಿಗೆ ಪ್ರಾಣಿಗಳನ್ನೆಲ್ಲಾ ಕಾತ್ರಜ್‌ಗೆ ಸಾಗಿಸಿದ್ರು, ಅಂದ್ರೆ ನಾವು ಬೆಳಿಗ್ಗೆ ಹೊರಟ ಕೆರೆ ದಂಡೆಗೇ. ಮಕ್ಕಳಿಗೆ ಇದು ಹೇಳಿದ್ರೆ ಆನೆ ಹುಲಿ ಎಲ್ಲಾ ನಡ್ಕೊಂಡೇ ಹೋದ್ವಾ ಅಂತ ಕೇಳ್ತಾರೆ.

ಊಟಕ್ಕೆ ಸ್ವಾರ್‌ಗೇಟ್ ಹತ್ರ ಯಾವುದಾದ್ರೂ ಉಡುಪಿ ಹೋಟೆಲ್, ಸುಸ್ತಾದವರು ಅಲ್ಲಿಂದಲೇ ಮನೆಗೆ. ಉಳಿದವರು ಬಾಜೀರಾವ್ ರೋಡ್ ಹಿಡಿದು ಶನಿವಾರವಾಡಾ. 1732ರಲ್ಲಿ ಗೃಹಪ್ರವೇಶ ಆದ ಅರಮನೆ, 1828ರ ಬೆಂಕಿಯಲ್ಲಿ ಒಳಗಿನ ಮರದ ಕಟ್ಟಡ ಎಲ್ಲಾ ಸುಟ್ಟು ಹೋಯ್ತು, ಈಗಿರೋದು ಕೋಟೆ ಗೋಡೆ, ದಿಲ್ಲಿ ದರ್ವಾಜಾ, ತಳಪಾಯ. ಬಹಳ ಜನ ದರ್ವಾಜಾ ಮುಂದೆ ಸೆಲ್ಫಿ ತಗೊಂಡು ವಾಪಸ್ ಆಗ್ತಾರೆ. ನಾವು ಸೀದಾ ಒಳಗೆ ಹಜಾರಿ ಕಾರಂಜಿ ಹತ್ರ ಹೋಗ್ತೀವಿ, ಹದಿನಾರು ಎಸಳಿನ ಕಮಲದ ಥರ ಇದೆ, ಮಗು ಪೇಶ್ವೆ ಸವಾಯಿ ಮಾಧವರಾವ್‌ಗೋಸ್ಕರ ಮಾಡಿಸಿದ್ದು. ಈಗ ಒಣಗಿದೆ, ಆದ್ರೆ ಅದಕ್ಕೆ ಬರ್ತಿದ್ದ ನೀರು ಕಾತ್ರಜ್‌ದು ಅಂತ ಅವತ್ತು ಬೆಳಿಗ್ಗೆಯಿಂದ ನಡೆದು ಬಂದವರಿಗೆ ಬಿಡಿಸಿ ಹೇಳೋದೇ ಬೇಡ. ಸುಮ್ಮನೆ ಟಿಕೆಟ್ ತಗೊಂಡು ಒಳಗೆ ಬಂದವರಿಗೆ ಅದೊಂದು ಒಣ ಕಲ್ಲಿನ ಗುಂಡಿ ಅಷ್ಟೇ.

ವಾಪಸ್ ಹೋಗೋಕೆ ಈಗ ಕಸಬಾ ಪೇಟ್, ಮಂಡಯಿ ಎರಡೂ ಕಡೆ ಮೆಟ್ರೋ ಇದೆ, ಪಿಂಪರಿ ಕಡೆಯವರಿಗೆ ಸೀದಾ ಗಾಡಿ. ಇಡೀ ದಾರಿ ಆಗಲ್ಲ ಅನ್ನೋರು ಕಾತ್ರಜ್ ಕೆರೆ ನೋಡಿ ಬಸ್ಸಲ್ಲೇ ಪರ್ವತಿ ಬುಡಕ್ಕೆ ಬನ್ನಿ, ಅಲ್ಲಿಂದ ನಡೀರಿ, ಆದ್ರೆ ಕೆರೆ ಮಾತ್ರ ಬಿಡಬೇಡಿ, ಮತ್ತೆ ಅದನ್ನ ಕೊನೆಗೆ ಇಟ್ಕೋಬೇಡಿ, ಮೊದಲೇ ನೋಡಿ.